ಆಕೆಯನ್ನು ಕೇಳಿದಿರೇನು?

(ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ತಾಲೂಕುಗಳ ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಬಸವನ ಬಾಗೇವಾಡಿಯವರು ಕೂಡಿದ ಸಭೆಯಲ್ಲಿ ಬಸವಣ್ಣನವರನ್ನು ನೆನೆದು ಮಾತು ಸುರು ಮಾಡುವುದು ರೂಢಿ. ಆ ಕೆಲಸವನ್ನು ನನಗಿಂತ ಮೊದಲು ಮಾತಾಡಿದವರು ಮಾಡಿದ್ದಾರೆ. ನಾನು ನನ್ನದೇ ಒಂದು ತಪ್ಪಿನಿಂದ ಸುರು ಮಾಡುತ್ತೇನೆ.

ಸುಮಾರು ಇಪ್ಪತ್ತೈದು ವರ್ಷದ ಹಿಂದಿನ ಮಾತು. ಆಗ ನಾನು ಈ ನಾಲ್ಕು ತಾಲೂಕುಗಳ ಪೈಕಿ ಒಂದರ ಕಾಲೇಜಿನಲ್ಲಿ ಸಮಾಜಶಾಸ್ತ್ರ ಕಲಿಸುತ್ತಿದ್ದೆ. ಒಂದು ದಿನ ಸಂಜೆ ಒಬ್ಬ ತಾಯಿ ತನ್ನ ಮಗಳನ್ನು ಕರೆದುಕೊಂಡು ನಮ್ಮ ಮನೆಗೆ ಬಂದಳು. ಮಗಳಿಗೆ ಇಪ್ಪತ್ತು ವರ್ಷ. ಸೋದರಮಾವನಿಗೇ ಕೊಟ್ಟಿದ್ದರು. ಮದುವೆಯಲ್ಲಿ ಮಾತಾಡಿದ ಎರಡು ತೊಲಿ ಬಂಗಾರ ಬಂದಿಲ್ಲ, ಮೋಟಾರ್ ಸೈಕಲ್ ಬಂದಿಲ್ಲ ಎಂದು ಹೊಡೆತ. ನಾನು ಹುರುಪಿನಿಂದ ಓಡಾಡಿದೆ. ಊರ ಹಿರಿಯರು ನಾಲ್ಕು ಮಂದಿ, ನಾವು ಹೆಣ್ಣುಮಕ್ಕಳು ಮೂವರು, ಗುಡಿಯ ಕಟ್ಟೆಯ ಮೇಲೆ ಕೂತು ನ್ಯಾಯ ಮಾಡಿದೆವು. ಗಂಡನಿಗೆ ಬೈದೆವು, ಅತ್ತೆಗೆ ಬುದ್ಧಿ ಹೇಳಿದೆವು, ತಾಯಿಗೆ ಸಮಾಧಾನ ಹೇಳಿದೆವು. ಇನ್ನು ಮುಂದೆ ಕೈ ಮಾಡುವುದಿಲ್ಲ ಎಂದು ಗಂಡನಿಂದ ಬಾಂಡ್ ಕಾಗದದ ಮೇಲೆ ಸಹಿ ಮಾಡಿಸಿಕೊಂಡೆವು. ಎಲ್ಲರೂ ಚಹಾ ಕುಡಿದೆವು. ಒಂದು ಸಂಸಾರ ಉಳಿಸಿದೆ ಎಂಬ ಹೆಮ್ಮೆಯಲ್ಲಿ ನಾನು ಮನೆಗೆ ಬಂದೆ.

ಏಳು ತಿಂಗಳ ಮೇಲೆ ಆ ಹುಡುಗಿ ಒಬ್ಬಳೇ ಬಂದಳು. ಎಡಗಿವಿ ಕೇಳಿಸುತ್ತಿರಲಿಲ್ಲ. ನಾನು ಎಡಕ್ಕೆ ಕೂತಿದ್ದೆ, ಎದ್ದು ಬಲಕ್ಕೆ ಬಂದು ಕೂತೆ. ಆಕೆ ಅಳಲಿಲ್ಲ, ನನಗೆ ಬೈಯಲೂ ಇಲ್ಲ. "ಅಕ್ಕೋರ, ಅವತ್ತ ಎಲ್ಲಾರನ್ನೂ ಮಾತಾಡ್ಸಿದ್ರಿ. ನೀ ಹೋಗ್ತಿಯೇನವಾ ಅಂತ ನನ್ನೊಬ್ಬಾಕಿನ್ನ ಕೇಳಲಿಲ್ಲ ನೋಡ್ರಿ" ಎಂದಳು.

ಸಂಘಟಕರು ಇವತ್ತು ನನಗೆ ಕೊಟ್ಟ ವಿಷಯ 'ಸಮಾಜಕಾರ್ಯದಲ್ಲಿ ನೈತಿಕ ನಿರ್ಧಾರ'. ಹೆಸರು ಭಾರಿ ಇದೆ. ಹುಂಡಾದ ಕಾಟಕ್ಕೋ ಹೊಡೆತಕ್ಕೋ ಒಬ್ಬಾಕೆ ಸಂಘದ ಬಾಗಿಲಿಗೆ ಬಂದು ನಿಂತಾಗ ಏನು ಮಾಡುವುದು ಸರಿ, ಏನು ಮಾಡುವುದು ತಪ್ಪು, ಅದನ್ನು ಠರಾಯಿಸುವವರು ಯಾರು, ಇಷ್ಟೇ ಅದರ ಅರ್ಥ. ಪುಸ್ತಕದಲ್ಲಿ ಇದಕ್ಕೆ ಸ್ವನಿರ್ಧಾರದ ಹಕ್ಕು, ಗೋಪ್ಯತೆ ಎಂದೆಲ್ಲ ಶಬ್ದಗಳಿವೆ. ಆ ಶಬ್ದಗಳನ್ನು ನಾನು ವರ್ಷವರ್ಷವೂ ಕರಿಹಲಗೆಯ ಮೇಲೆ ಬರೆದಿದ್ದೇನೆ, ಹುಡುಗಿಯರು ಬರೆದದ್ದಕ್ಕೆ ಅಂಕ ಕೊಟ್ಟಿದ್ದೇನೆ. ಗುಡಿಯ ಕಟ್ಟೆಯ ಮೇಲೆ ಕೂತಾಗ ಒಂದೂ ನೆನಪಾಗಲಿಲ್ಲ.

ಯಾಕೆ ನೆನಪಾಗಲಿಲ್ಲ? ಆಗ ನನ್ನ ತಲೆಯಲ್ಲಿ ಇದ್ದದ್ದು 'ಸಂಸಾರ'. ಆಕೆಯಲ್ಲ. ಸಂಸಾರ ಉಳಿದರೆ ಆಕೆ ಉಳಿದಂತೆ ಎಂದು ತಿಳಿದಿದ್ದೆ. ಇನ್ನೊಂದು ಕಾರಣವೂ ಇತ್ತು. ನಮ್ಮ ಕಡೆ ಸೋದರಮಾವನಿಗೆ, ಸೋದರತ್ತೆಯ ಮಗನಿಗೆ ಕೊಡುವುದು ಬಹಳ. ಹೊರಗಿನವರು ಇದನ್ನು ಕೇಳಿ, ಹಾಗಾದರೆ ಹುಡುಗಿ ಸುರಕ್ಷಿತ, ಅತ್ತೆ ಎಂದರೆ ಸ್ವಂತ ಅಜ್ಜಿಯಲ್ಲವೇ ಎನ್ನುತ್ತಾರೆ. ನಿಮಗೆ ಗೊತ್ತಿದೆ, ಇದರ ಇನ್ನೊಂದು ಮಗ್ಗಲು ಏನೆಂದು. ಗಂಡನ ಮೇಲೆ ದೂರು ಕೊಟ್ಟರೆ ತಾಯಿಯ ತವರಿನ ಮೇಲೇ ದೂರು ಕೊಟ್ಟಂತೆ. ಆ ದಿನ ಮಗಳಿಗಿಂತ ಹೆಚ್ಚು ಹೆದರಿದವಳು ತಾಯಿ. ತಮ್ಮನ ಮನೆಯ ಬಾಗಿಲು ಮುಚ್ಚಿಹೋಗುತ್ತದೆ ಎಂಬ ಹೆದರಿಕೆ. ನಾನು ತಾಯಿಯ ಮಾತನ್ನೇ ಮಗಳ ಮಾತು ಎಂದುಕೊಂಡೆ. ಹುಡುಗಿಗೆ ತನ್ನದು ಎನ್ನುವ ಒಂದು ತವರುಮನೆಯೇ ಇರಲಿಲ್ಲ ಎನ್ನುವುದು ನನಗೆ ಹೊಳೆದದ್ದು ಆಕೆಯ ಕಿವಿ ಹೋದ ಮೇಲೆ.

ಆದ್ದರಿಂದ ನ್ಯಾಯಕ್ಕೆ ಕೂಡುವ ಮೊದಲು ಆಕೆಯನ್ನು ಒಬ್ಬಳನ್ನೇ ಕೂಡಿಸಿಕೊಂಡು ಕೇಳಿರಿ. ತಾಯಿ ಹೊರಗಿರಲಿ, ಅಣ್ಣ ಹೊರಗಿರಲಿ. 'ನಿನಗ ಏನ ಬೇಕು?' ಎಂದು ಕೇಳಿ ಸುಮ್ಮನೆ ಕೂಡಿರಿ. ತಟ್ಟನೆ ಉತ್ತರ ಬರುವುದಿಲ್ಲ. ಹುಟ್ಟಿದಾಗಿನಿಂದ ಆ ಪ್ರಶ್ನೆಯನ್ನು ಯಾರೂ ಕೇಳಿರುವುದಿಲ್ಲ. 'ನೀವು ಹೇಳಿದಂಗ ಮಾಡ್ತೀನ್ರಿ' ಎನ್ನುತ್ತಾಳೆ. ಅದು ಉತ್ತರವಲ್ಲ, ಇನ್ನೊಂದು ದಿನ ಕೇಳಬೇಕು.

ಇನ್ನು ನ್ಯಾಯಕ್ಕೆ ಕೂಡುವವರು ಯಾರು? ಸಂಘದ ಅಧ್ಯಕ್ಷೆ ಗಂಡನ ಚಿಗವ್ವ ಆಗಿರುತ್ತಾಳೆ, ಪ್ರತಿನಿಧಿ ಹುಡುಗಿಯ ನೆಗೆಣ್ಣಿ ಆಗಿರುತ್ತಾಳೆ. ಹಳ್ಳಿಯೆಂದರೆ ಹಾಗೆಯೇ, ಎಲ್ಲರೂ ಬಳಗ. 2005ರ ಕೌಟುಂಬಿಕ ಹಿಂಸೆ ಕಾಯ್ದೆ 2006ರ ಅಕ್ಟೋಬರ್ 26ರಿಂದ ಜಾರಿಗೆ ಬಂತು. ಅದರ ನಿಯಮಗಳಲ್ಲಿ ಒಂದು ಒಳ್ಳೆಯ ಮಾತಿದೆ: ನ್ಯಾಯಾಲಯ ನೇಮಿಸುವ ಆಪ್ತಸಮಾಲೋಚಕರು ಯಾವ ಪಕ್ಷಕ್ಕೂ ಸಂಬಂಧಿಕರಾಗಿರಬಾರದು, ವ್ಯಾಜ್ಯದಲ್ಲಿ ಅವರಿಗೆ ಹಿತಾಸಕ್ತಿ ಇರಬಾರದು. ಎಲ್ಲ ಪಕ್ಷದವರೂ ಬರೆದು ಒಪ್ಪಿದರೆ ಮಾತ್ರ ನಡೆಯುತ್ತದೆ. ಇನ್ನೊಂದು ಮಾತು, ಸಮಾಲೋಚನೆಯಲ್ಲಿ ಗಂಡ 'ಆಕಿ ಎದುರು ಮಾತಾಡಿದಳು, ಅದಕ್ಕ ಹೊಡದೆ' ಎಂದು ತನ್ನ ಹಿಂಸೆಗೆ ಸಮರ್ಥನೆ ಕೊಡಲು ಅವಕಾಶವಿಲ್ಲ. ನಮ್ಮ ಕಟ್ಟೆ ಪಂಚಾಯಿತಿಯಲ್ಲಿ ಅರ್ಧ ಹೊತ್ತು ಹೋಗುವುದೇ ಈ ಸಮರ್ಥನೆ ಕೇಳುವುದರಲ್ಲಿ. ಅಡುಗೆಯಲ್ಲಿ ಉಪ್ಪು ಹೆಚ್ಚಾದದ್ದು, ಹೇಳದೆ ತವರಿಗೆ ಹೋದದ್ದು, ಫೋನಿನಲ್ಲಿ ಮಾತಾಡಿದ್ದು! ಕಾನೂನು ನ್ಯಾಯಾಲಯದ ಸಮಾಲೋಚಕರಿಗೆ ಹಾಕಿದ ಈ ಕಟ್ಟು ನಿಮ್ಮ ಸಂಘಕ್ಕೆ ಲಾಗೂ ಆಗುವುದಿಲ್ಲ ನಿಜ. ಆದರೆ ನೀವೇ ಒಂದು ಠರಾವು ಮಾಡಿಕೊಳ್ಳಲು ಯಾರ ಅಡ್ಡಿಯಿದೆ? ಬಳಗದವರು ಆ ದಿನ ಎದ್ದು ಹೋಗಲಿ, ಪಕ್ಕದ ಊರಿನ ಸಂಘದವರು ಬಂದು ಕೂಡಲಿ.

ಈಗ ಬಹಳ ಮಂದಿಗೆ ಸೇರದ ಮಾತಿಗೆ ಬರುತ್ತೇನೆ, ಸಂಘದ ರೊಕ್ಕದ ಮಾತಿಗೆ. ಮಹಿಳಾ ಸಮಾಖ್ಯಾ ನಮ್ಮ ರಾಜ್ಯದಲ್ಲಿ 1989ರಲ್ಲಿ ಮೊದಲು ಸುರುವಾದ ಮೂರು ಜಿಲ್ಲೆಗಳಲ್ಲಿ ಆಗಿನ ವಿಜಾಪುರವೂ ಒಂದು. ಉಳಿದವು ಬೀದರ ಮತ್ತು ಮೈಸೂರು. ಆಗಿನ ಸಂಘಗಳಲ್ಲಿ ಹೆಣ್ಣುಮಕ್ಕಳು ದುಂಡಗೆ ಕೂತು ಮೊದಲು ಮಾತಾಡಿಕೊಳ್ಳುತ್ತಿದ್ದರು. ರೊಕ್ಕ ಆಮೇಲಿನದು. 2000-01ರಲ್ಲಿ ಸ್ತ್ರೀಶಕ್ತಿ ಯೋಜನೆ ಬಂದ ಮೇಲೆ ಊರೂರಿಗೆ ಉಳಿತಾಯದ ಸಂಘಗಳಾದವು. ಒಳ್ಳೆಯದೇ ಆಯಿತು, ಸಾಹುಕಾರನ ಮನೆಯ ಮುಂದೆ ನಿಲ್ಲುವುದು ಕಡಿಮೆಯಾಯಿತು. ಆದರೆ ಈಗ ಸಂಘವೆಂದರೆ ಕಂತು, ಬಡ್ಡಿ, ಪಾಸ್‌ಬುಕ್ಕು ಎಂದಾಗಿದೆ. ಹೊಡೆತದ ಮಾತು ಬಂದರೆ 'ಅದು ಮನೀ ವಿಷಯ, ಮೀಟಿಂಗದಾಗ ಬ್ಯಾಡ' ಎನ್ನುವುದನ್ನು ನಾನೇ ಕೇಳಿದ್ದೇನೆ.

ಮನೆಯ ವಿಷಯ ಹೇಗಾದೀತು? ನಾನು ಕಂಡ ಒಂದು ಸಂಘದಲ್ಲಿ ಒಬ್ಬಾಕೆಯ ಹೆಸರಿನಲ್ಲಿ ಎಮ್ಮೆಯ ಸಾಲ ಎಂದು ಪುಸ್ತಕದಲ್ಲಿ ಬರೆದಿತ್ತು. ಎಮ್ಮೆ ಬಂದಿರಲಿಲ್ಲ. ರೊಕ್ಕ ನಾದಿನಿಯ ಹುಂಡಾಕ್ಕೆ ಹೋಗಿತ್ತು. ಅದು ಎಲ್ಲರಿಗೂ ಗೊತ್ತಿತ್ತು. ಗಂಡ ಇನ್ನೊಂದು ಸಾಲ ತೆಗೆದುಕೊಂಡು ಬಾ ಎಂದು ಹೊಡೆಯುತ್ತಿದ್ದ. ನೋಡಿರಿ, ಮೊದಲು ತವರಿನಿಂದ ತಾ ಎನ್ನುತ್ತಿದ್ದರು, ಈಗ ಸಂಘದಿಂದ ತಾ ಎನ್ನುತ್ತಾರೆ. ಆಕೆ ತಾಳಲಾರದೆ ತವರಿಗೆ ಹೋದಳು. ಕಂತು ನಿಂತಿತು. ಜಾಮೀನು ಎಲ್ಲರದು, ಬ್ಯಾಂಕಿನವರು ಎಲ್ಲರನ್ನೂ ಕೇಳುವವರೇ. ಮೂರನೆಯ ಕಂತಿಗೆ ಸಂಘದ ಐದಾರು ಮಂದಿ ಆಕೆಯ ತವರಿಗೆ ಹೋಗಿ ಬುದ್ಧಿ ಹೇಳಿ ಗಂಡನ ಮನೆಗೆ ಕರೆತಂದು ಬಿಟ್ಟರು. 'ನಾವು ಕೂಡಿಸಿದಿವಿ' ಎಂದು ನನಗೆ ಸಂತೋಷದಿಂದ ಹೇಳಿದರು. ಕೂಡಿಸಿದ್ದು ಸಂಸಾರವನ್ನೋ ಕಂತನ್ನೋ? ಯಾರೂ ಕೆಟ್ಟವರಲ್ಲ. ಎಲ್ಲರೂ ಕೂಲಿ ಮಾಡಿ ಕಂತು ಕಟ್ಟುವವರೇ. ಆದರೆ ನಮ್ಮ ಲಾಭ ಯಾವ ದಿಕ್ಕಿಗೆ ಇದೆಯೋ ನಮ್ಮ ಬುದ್ಧಿವಾದವೂ ಆ ದಿಕ್ಕಿಗೇ ಹರಿಯುತ್ತದೆ, ನಮಗೆ ತಿಳಿಯದೆಯೇ.

ಇದಕ್ಕೆ ನನಗೆ ತೋಚಿದ ದಾರಿ ಇದು. ಹಿಂಸೆಯ ಮಾತು ಸಂಘಕ್ಕೆ ಬಂದ ದಿನ, ಅದನ್ನು ಕೈಗೆತ್ತಿಕೊಳ್ಳುವ ಮೊದಲು ಕಂತಿನ ಮಾತು ಮುಗಿಸಿರಿ. ಇಷ್ಟು ತಿಂಗಳು ಆಕೆಯ ಕಂತನ್ನು ಸಂಘದ ಸ್ವಂತ ಉಳಿತಾಯದಿಂದ ಕಟ್ಟುವುದು, ಆಕೆ ಎಲ್ಲಿದ್ದರೂ ಆಮೇಲೆ ತೀರಿಸುವುದು ಎಂದು ಬರೆದಿಡಿರಿ. ಆಮೇಲೆ ಆಕೆಯ ಮಾತು ಕೇಳಲು ಕೂಡಿರಿ. ಆಗ ಕಿವಿ ಬೇರೆಯೇ ಕೇಳುತ್ತದೆ.

ಹುಂಡಾಕ್ಕಾಗಿ ಸಾಲ ಕೇಳಿದರೆ? ಸೋಮವಾರದೊಳಗೆ ರೊಕ್ಕ ಮುಟ್ಟದಿದ್ದರೆ ಮಗಳ ನಿಶ್ಚಯ ಮುರಿಯುತ್ತದೆ ಎಂದು ಒಬ್ಬ ಸದಸ್ಯೆ ಕಣ್ಣೀರು ಹಾಕುತ್ತಾಳೆ. ಕೊಡಬೇಡಿರಿ ಎಂಬುದು ನನ್ನ ಅಭಿಪ್ರಾಯ. ಆಕೆ ಹೆಚ್ಚು ಬಡ್ಡಿಗೆ ಬೇರೆ ಕಡೆ ತಂದು ಕೊಡುತ್ತಾಳೆ, ನಮ್ಮ ಮೇಲೆ ಸಿಟ್ಟಾಗುತ್ತಾಳೆ, ಅದೂ ಗೊತ್ತಿದೆ. 1961ರ ವರದಕ್ಷಿಣೆ ನಿಷೇಧ ಕಾಯ್ದೆಯ ಪ್ರಕಾರ ಕೊಡುವುದೂ ಅಪರಾಧ. ಆದರೆ ನಾನು ಬೇಡವೆನ್ನುವುದು ಅದಕ್ಕಲ್ಲ. ಸಂಘವೇ ಕೊಟ್ಟ ಹುಂಡಾದಿಂದ ಹೋದ ಹುಡುಗಿ ನಾಳೆ ಹೊಡೆತ ತಿಂದು ಬಂದಾಗ ಸಂಘ ಯಾವ ಮುಖದಿಂದ ಮಾತಾಡಬೇಕು? ಇದನ್ನು ಒಪ್ಪದವರು ಮಧ್ಯಾಹ್ನ ನನ್ನೊಡನೆ ಜಗಳಾಡಬಹುದು. ಇಲ್ಲಿಯೇ ಒಂದು ಮಾತು. 'ನಾವೂ ಕೊಟ್ಟೀವಿ, ದೂರು ಕೊಟ್ರ ನಮ್ಮನ್ನೂ ಒಳಗ ಹಾಕ್ತಾರ' ಎಂದು ಹೆದರಿ ಸುಮ್ಮನಿರುವವರು ಬಹಳ. ಅನ್ಯಾಯಕ್ಕೆ ಒಳಗಾದವರು ಕೊಟ್ಟ ಹೇಳಿಕೆಯ ಮೇಲೆ ಅವರನ್ನೇ ಈ ಕಾಯ್ದೆಯಡಿ ಗುರಿ ಮಾಡುವಂತಿಲ್ಲ ಎಂದು ಅದೇ ಕಾಯ್ದೆಯ 7ನೆಯ ಕಲಮು ಹೇಳುತ್ತದೆ.

ಗುಟ್ಟಿನ ಮಾತು. ಹೊಡೆತದ ಕಥೆಯನ್ನು ಠರಾವು ಪುಸ್ತಕದಲ್ಲಿ ಬರೆಯಬೇಡಿರಿ, ಅದನ್ನು ಓದುವವರು ಹತ್ತು ಮಂದಿ. ಬೇರೆ ವಹಿಯಲ್ಲಿ, ಆಕೆ ಒಪ್ಪಿದರೆ, ತಾರೀಖು ಹಾಕಿ ಬರೆದಿಡಿರಿ. ಮುಂದೆ ಕೋರ್ಟಿಗೆ ಹೋದರೆ ತಾರೀಖು ಬೇಕಾಗುತ್ತದೆ. ಇನ್ನು ರಾಜಿ ಮಾಡಿಸಿದ ಫೋಟೋ ತೆಗೆದು ಮೊಬೈಲಿನ ಗುಂಪಿಗೆ ಹಾಕುವುದು! ಗಂಡ-ಹೆಂಡತಿ ನಡುವೆ, ಸುತ್ತ ನಾವು ನಗುತ್ತ. ಆ ನಗುವಿಗಾಗಿ ಆಕೆ ರಾತ್ರಿ ಏನು ತೆರಬೇಕಾಗುತ್ತದೆ ಎಂದು ಯೋಚಿಸಿದ್ದೀರಾ?

ಆದರೆ ಯಾರಿಗೂ ಹೇಳುವುದಿಲ್ಲ ಎಂದು ಮೊದಲೇ ಮಾತು ಕೊಡಬೇಡಿರಿ. ಇದು ಕಷ್ಟದ ಜಾಗ. ಹದಿನಾರು ವರ್ಷದ ಹುಡುಗಿ ಬರುತ್ತಾಳೆ ಎಂದುಕೊಳ್ಳಿರಿ, ಕದ್ದು ಮದುವೆ ಮಾಡಿದ್ದಾರೆ. 'ಯಾರ ಮುಂದೂ ಹೇಳಬ್ಯಾಡ್ರಿ' ಎಂದು ಕೈ ಹಿಡಿಯುತ್ತಾಳೆ. 2012ರ ಪೋಕ್ಸೋ ಕಾಯ್ದೆಯ ಪ್ರಕಾರ ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದದ್ದು ಗೊತ್ತಿದ್ದೂ ಪೊಲೀಸರಿಗೆ ತಿಳಿಸದಿರುವುದು ಶಿಕ್ಷೆಯ ಕೆಲಸ. 2017ರ ಅಕ್ಟೋಬರ್ 11ರಂದು ಸುಪ್ರೀಂ ಕೋರ್ಟು, ಹದಿನೆಂಟರೊಳಗಿನ ಹೆಂಡತಿಯೊಡನೆ ಗಂಡನ ಸಂಬಂಧವೂ ಅತ್ಯಾಚಾರವೇ ಎಂದಿತು. ಇಲ್ಲಿ ಆಕೆಯ ನಿರ್ಧಾರಕ್ಕೆ ಕಾಯುವ ಹಾಗಿಲ್ಲ. ಆದ್ದರಿಂದ ಕೇಳುವ ಮೊದಲೇ ಹೇಳಬೇಕು: 'ನೀ ಸಣ್ಣಾಕಿ ಇದ್ರ, ಇಲ್ಲಾ ನಿನ್ನ ಜೀವಕ್ಕ ಅಪಾಯ ಇದ್ರ, ನಾ ಸುಮ್ಮನಿರಾಕ ಬರೂದಿಲ್ಲವಾ. ಉಳಿದದ್ದೆಲ್ಲಾ ನನ್ನ ಹೊಟ್ಯಾಗ.' ಇದನ್ನು ಹೇಳಿದ ಮೇಲೂ ನನ್ನ ಮನಸ್ಸು ಪೂರ್ತಿ ನಿರಾಳವಿಲ್ಲ. ದೂರಾದರೆ ಒಳಗೆ ಹೋಗುವವನು ಆಕೆಯ ಸೋದರಮಾವನೇ. ಈ ಹೆದರಿಕೆಗೆ ಬಸುರಿ ಹುಡುಗಿಯರನ್ನು ಆಸ್ಪತ್ರೆಗೇ ಕರೆದೊಯ್ಯದ ಮನೆಗಳಿವೆ. ಹಾಗೆಂದು ಬಾಯಿ ಮುಚ್ಚಿಕೊಂಡರೆ ಮುಂದಿನ ಹುಡುಗಿಗೂ ಅದೇ ಗತಿ. 1098ಕ್ಕೆ ಫೋನು ಮಾಡಿದರಷ್ಟೇ ನಮ್ಮ ಕೆಲಸ ಮುಗಿಯುವುದಿಲ್ಲ, ಮಾಡಿದ ಮೇಲೆ ಆಕೆಯ ಸಂಗಡ ನಿಲ್ಲುವುದೇ ಹೆಚ್ಚಿನ ಕೆಲಸ.

ಫೋನು ಮಾಡುವವಳು ಯಾರು ಎಂಬುದನ್ನೂ ಯೋಚಿಸಿರಿ. 1992ರಲ್ಲಿ ರಾಜಸ್ಥಾನದ ಭಟೇರಿ ಎಂಬ ಹಳ್ಳಿಯಲ್ಲಿ ಭಂವರಿ ದೇವಿ ಎಂಬ ಸಾಥಿನ್ ಬಾಲ್ಯವಿವಾಹ ತಡೆಯಲು ಹೋದಳು. ಸರಕಾರದ ಯೋಜನೆಯ ಹಳ್ಳಿ ಕಾರ್ಯಕರ್ತೆ ಆಕೆ. ಅದರ ಸೇಡಿಗೆ ಆಕೆಯ ಮೇಲೆ ಸಾಮೂಹಿಕ ಅತ್ಯಾಚಾರ ನಡೆಯಿತು. 1995ರಲ್ಲಿ ಕೆಳಗಿನ ಕೋರ್ಟು ಆರೋಪಿಗಳನ್ನು ಅತ್ಯಾಚಾರದ ಆರೋಪದಿಂದ ಬಿಟ್ಟಿತು. ಆಕೆಗಾದ ಅನ್ಯಾಯದಿಂದ ಹುಟ್ಟಿದ್ದೇ 1997ರ ವಿಶಾಖಾ ತೀರ್ಪು. ಇವತ್ತು ಕಚೇರಿಗಳಲ್ಲಿ ದುಡಿಯುವ ಹೆಣ್ಣುಮಕ್ಕಳೆಲ್ಲ ಅದರ ನೆರಳಿನಲ್ಲಿದ್ದಾರೆ. ಆದರೆ ಆ ದಿನ ಹೊಲದಲ್ಲಿ ಆಕೆಯ ನೆರವಿಗೆ ಗಂಡನ ಹೊರತು ಯಾರಿದ್ದರು? ಸಂಘದ ಬಡ ಸದಸ್ಯೆಯೊಬ್ಬಳನ್ನು, ಅದರಲ್ಲೂ ಕೆಳಗಿನ ಜಾತಿಯವಳೆಂದು ಊರು ಕಾಣುವವಳನ್ನು ಮುಂದೆ ಮಾಡಿ ನಾವು ಹಿಂದೆ ನಿಲ್ಲುವುದು ಅನ್ಯಾಯ. ಅರ್ಜಿ ಸಂಘದ ಹೆಸರಿನಲ್ಲಿ ಹೋಗಲಿ, ಹತ್ತು ಸಹಿ ಇರಲಿ. ಕೌಟುಂಬಿಕ ಹಿಂಸೆಯ ಸುದ್ದಿಯನ್ನು ಯಾರು ಬೇಕಾದರೂ ಸಂರಕ್ಷಣಾಧಿಕಾರಿಗೆ ತಿಳಿಸಬಹುದು, ಸದುದ್ದೇಶದಿಂದ ತಿಳಿಸಿದವರ ಮೇಲೆ ಯಾವ ಕ್ರಮವೂ ಇಲ್ಲ ಎಂದು 2005ರ ಕಾಯ್ದೆಯ 4ನೆಯ ಕಲಮಿನಲ್ಲಿದೆ. ನಮ್ಮ ರಾಜ್ಯದಲ್ಲಿ ತಾಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಸಂರಕ್ಷಣಾಧಿಕಾರಿ. ಅಂಗನವಾಡಿಯ ಮೇಲಿನ ಸಾಹೇಬರು ಎಂದರೆ ನಿಮಗೆ ತಿಳಿಯುತ್ತದೆ.

ನನ್ನ ಹಾಗೆ ಕೂಡಿಸುವ ತಪ್ಪು ಒಂದು ಕಡೆಯಾದರೆ, ಬಿಡಿಸುವ ತಪ್ಪು ಇನ್ನೊಂದು ಕಡೆ ಇದೆ. ನಾವು ಚಳವಳಿಯವರು ಅದನ್ನು ಹೆಚ್ಚು ಮಾಡುತ್ತೇವೆ. ಆಕೆ ಬಂದು ಒಂದು ಮಾತು ಹೇಳಿದರೆ ಸಾಕು, ಟೆಂಪೋ ಮಾಡಿಕೊಂಡು ಗಂಡನ ಮನೆಯ ಮುಂದೆ ಹೋಗಿ ಘೋಷಣೆ ಕೂಗುತ್ತೇವೆ. ಆಕೆ ಬಯಸಿದ್ದು ತನ್ನ ಹೊಲಿಗೆ ಮೆಷಿನ್ನು, ನಾಲ್ಕು ಬಳೆ, ಮಗುವಿನ ಶಾಲೆಯ ದಾಖಲೆ. ನಾವು ಕೊಡಿಸಹೊರಟದ್ದು ಸೋಡಚೀಟಿ. ಸೇವಾ ಸಂಸ್ಥೆಯವರು ಕೌಟುಂಬಿಕ ಘಟನೆಯ ವರದಿ ಬರೆಯಬೇಕಾದರೂ 'ಆಕೆ ಬಯಸಿದರೆ' ಬರೆಯಬೇಕು ಎಂದು ಕಾಯ್ದೆಯಲ್ಲಿದೆ. ಆ ಎರಡು ಶಬ್ದ ಬರೆದವರ ಬಗ್ಗೆ ನನಗೆ ಗೌರವ.

ಎಲ್ಲ ಕೇಳಿದ ಮೇಲೆ, ಗೊತ್ತಿದ್ದೂ ಗೊತ್ತಿದ್ದೂ, 'ನಾ ತಿರುಗಿ ಹೋಗ್ತೀನ್ರಿ' ಎಂದರೆ? ಹೋಗಲಿ. ಮಕ್ಕಳಿರುತ್ತಾರೆ, ಅಣ್ಣನ ಮನೆಯಲ್ಲಿ ಅತ್ತಿಗೆಯ ಮುಖ ನೋಡಲಾರದೆ ಹೋಗುತ್ತಾಳೆ, ಹಿಂಗಾರಿ ಜೋಳದ ಸುಗ್ಗಿ ಇರುತ್ತದೆ. ಆಕೆಯ ಲೆಕ್ಕ ಆಕೆಗೆ ಗೊತ್ತು. ನಮ್ಮ ಮಾತು ಕೇಳಲಿಲ್ಲ ಎಂದು ಮುನಿಸಿಕೊಂಡು ಬಾಗಿಲು ಹಾಕಬಾರದು. ಆದರೆ ಬರಿಗೈಯಲ್ಲಿ ಕಳಿಸಬಾರದು. ಆಧಾರ್ ಕಾರ್ಡು, ರೇಷನ್ ಕಾರ್ಡಿನ ನಕಲು, ಬ್ಯಾಂಕಿನ ಪುಸ್ತಕ ನಂಬಿಗಸ್ತ ನೆರೆಮನೆಯಲ್ಲಿ ಇರಲಿ. ಬಸ್ಸಿನ ಖರ್ಚಿಗೆ ರೊಕ್ಕ ಬೇರೆ ಇರಲಿ. ಶಾಲೆಗೆ ಹೋಗುವ ಮಗುವಿಗೆ 112 ಒತ್ತುವುದು ಗೊತ್ತಿರಲಿ, ಆಕೆಗೆ 181 ಬಾಯಿಪಾಠ ಇರಲಿ. ವಾರಕ್ಕೊಮ್ಮೆ ಸಂಘದವರು ಯಾರಾದರೂ ಉಪ್ಪು ಕೇಳುವ ನೆಪದಲ್ಲಿ ಹೋಗಿ ಮುಖ ನೋಡಿ ಬರಲಿ. ಗಂಡನ ಮನೆಯಲ್ಲಿ ವಾಸಿಸುವ ಹಕ್ಕು ಆಕೆಗಿದೆ, ಮನೆ ಯಾರ ಹೆಸರಿನಲ್ಲೇ ಇರಲಿ. ಅದನ್ನು ತಿಳಿದುಕೊಂಡು ಹೋಗುವುದು ಬೇರೆ, ಕಾಲು ಹಿಡಿದು ಹೋಗುವುದು ಬೇರೆ.

ಇಂಡಿಯ ಅಕ್ಕ ಒಬ್ಬರು ಚೀಟಿ ಕಳಿಸಿದ್ದಾರೆ. ಮಗಳನ್ನು ಸೊಲ್ಲಾಪುರದ ಕಡೆ ಕೊಟ್ಟಿದ್ದಾರೆ, ದೂರು ಅಲ್ಲಿಯೇ ಕೊಡಬೇಕು ಎಂದು ಹೇಳಿ ಕಳಿಸಿದ್ದಾರಂತೆ. ಭೀಮೆಯ ಆಚೆ, ಅಕ್ಕಲಕೋಟ, ಜತ್ತ ಕಡೆ ಹೆಣ್ಣು ಕೊಟ್ಟವರು ಇಲ್ಲಿ ಬಹಳ ಇದ್ದೀರಿ. ಹೊಡೆತ ತಾಳದೆ ತವರಿಗೆ ಬಂದಾಕೆ ತವರಿನಲ್ಲಿಯೇ ಕ್ರೌರ್ಯದ ದೂರು ಕೊಡಬಹುದು ಎಂದು ಸುಪ್ರೀಂ ಕೋರ್ಟು 2019ರ ಏಪ್ರಿಲಿನಲ್ಲಿ ಹೇಳಿದೆ. ಹಳೆಯ 498ಎ ಕಲಮು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85ನೆಯದಾಗಿದೆ, ಹೆಸರು ಬದಲಾದರೂ ಹುರುಳು ಅದೇ. ತಾಲೂಕಿನ ಕಾನೂನು ಸೇವಾ ಸಮಿತಿಯಲ್ಲಿ ಹೆಣ್ಣುಮಕ್ಕಳಿಗೆ ಆದಾಯ ಕೇಳದೆ ಪುಕ್ಕಟೆ ವಕೀಲರನ್ನು ಕೊಡುತ್ತಾರೆ.

ಇನ್ನೊಂದು ಮಾತು ಹೇಳಲು ಮನಸ್ಸಿಲ್ಲ, ಹೇಳಲೇಬೇಕು. ಸುಟ್ಟುಕೊಂಡ ಹೆಣ್ಣುಮಗಳ ಮಂಚದ ಪಕ್ಕ ನಿಲ್ಲುವ ದಿನ. 1990ರ ದಶಕದಲ್ಲಿ ಬೆಂಗಳೂರಿನ ವಿಮೋಚನಾ ಗೆಳತಿಯರು ವಿಕ್ಟೋರಿಯಾ ಆಸ್ಪತ್ರೆಯ ಸುಟ್ಟಗಾಯದ ವಾರ್ಡಿಗೆ ಹೋಗಿ ಹೋಗಿ, 'ಸ್ಟೋವ್ ಸಿಡಿದು' ಎಂದು ಮುಚ್ಚಿಹೋಗುತ್ತಿದ್ದ ಸಾವುಗಳ ಹಿಂದಿನ ಕಥೆಯನ್ನು ಹೊರಗೆ ತಂದರು. ಆಕೆ ಮೊದಲು 'ಸ್ಟೋವ್ ಸಿಡೀತ್ರಿ' ಎನ್ನುತ್ತಾಳೆ. ಮಗು ಅತ್ತೆಯ ಸೊಂಟದ ಮೇಲೆ ಇರುತ್ತದೆ, ಇನ್ನೇನು ಹೇಳಿಯಾಳು? ಆಗ ನಮಗೆ ಗೊತ್ತಿದ್ದ ಸತ್ಯವನ್ನು ಆಕೆಯ ಬಾಯಲ್ಲಿ ಇಡಬಾರದು. ಅದು ಆಕೆಗೂ ಅನ್ಯಾಯ, ಕೇಸಿಗೂ ಕೇಡು. ಮಗುವನ್ನು ನಾವು ನೋಡಿಕೊಳ್ಳುತ್ತೇವೆ ಎನ್ನಿರಿ. ನಿಜವಾಗಿ ನೋಡಿಕೊಳ್ಳುವ ಹಾಗಿದ್ದರೆ ಮಾತ್ರ ಎನ್ನಿರಿ. ವೈದ್ಯರು, ದಂಡಾಧಿಕಾರಿ ಬೇಗ ಬರುವಂತೆ ಓಡಾಡಿರಿ. ಬಳಗದವರನ್ನು ಹೊರಗೆ ಕಳಿಸಿರಿ. ಮದುವೆಯಾಗಿ ಏಳು ವರ್ಷದೊಳಗಿನ ಸಾವಾದರೆ ದಂಡಾಧಿಕಾರಿಯ ವಿಚಾರಣೆ ಕೇಳುವುದು ಬಳಗದವರ ಹಕ್ಕು. ಅವಸರದಲ್ಲಿ ಮಣ್ಣು ಮಾಡಲು ಬಿಡಬೇಡಿರಿ.

ಕಿವಿ ಕಳೆದುಕೊಂಡ ಆ ಹುಡುಗಿ ಏನಾದಳು ಎಂದು ಮುಂದಿನ ಸಾಲಿನ ತಂಗಿ ಆಗಲೇ ಕೈ ಸನ್ನೆ ಮಾಡಿದಳು. ಎರಡನೆಯ ಸಲ ಬಂದಾಗ ನಾನು ಕೇಳಿದೆ. ಮೂರು ದಿನ ನಮ್ಮ ಮನೆಯಲ್ಲಿದ್ದಳು, ಮೂರನೆಯ ದಿನ ಹೇಳಿದಳು: ಗಂಡನ ಮನೆಯೂ ಬೇಡ, ಅವ್ವನ ಮನೆಯೂ ಬೇಡ, ಶಿಶುವಿಹಾರದಲ್ಲೋ ಹಾಸ್ಟೆಲಿನಲ್ಲೋ ಅಡುಗೆ ಕೆಲಸ ಇದ್ದರೆ ನೋಡಿರಿ. ಸಿಗಲು ಐದು ತಿಂಗಳಾಯಿತು. ಈಗಲೂ ಅಡುಗೆ ಮಾಡುತ್ತಾಳೆ. ನನ್ನೊಡನೆ ಮಾತಾಡುವಾಗ ಬಲಕ್ಕೆ ಬರಲು ಹೇಳುತ್ತಾಳೆ. ಆಕೆಯನ್ನು ಕೇಳಿಯೇ ಈ ಕಥೆ ನಿಮಗೆ ಹೇಳಿದ್ದೇನೆ. ಊರಿನ ಹೆಸರು ಹೇಳಬೇಡಿರಿ ಎಂದಳು, ಹೇಳಿಲ್ಲ.

ಊಟದ ಗಂಟೆ ಆಯಿತು. ಊಟ ಮಾಡಿ ಬಂದ ಮೇಲೆ ತಾಲೂಕುವಾರು ಕೂಡಿರಿ. ಬರುವಾಗ ನಿಮ್ಮ ಸಾಲದ ಪುಸ್ತಕ ತೆಗೆದುಕೊಂಡು ಬನ್ನಿರಿ, ಎಮ್ಮೆ ಎಷ್ಟಿವೆ ಎಣಿಸೋಣ.